ಅವ್ವಾ, ನಾನು ನೌಕರಿ ಬಿಡಲಿಲ್ಲ

ಕಾಂಡಿ ಸುತ್ತುತ್ತಲೇ ನನ್ನನ್ನು ಬೆಳೆಸಿದ ಅವ್ವನಿಗೆ,

ದವಾಖಾನೆಯ ಆ ಮಧ್ಯಾಹ್ನ ನಿನಗೆ ನೆನಪಿದೆಯೇ? ಸಲೈನ್ ಚುಚ್ಚಿದ ಕೈಯನ್ನೇ ಎತ್ತಿ ನನ್ನ ಎಡ ಹುಬ್ಬಿನ ಮೇಲಿನ ಗುರುತನ್ನು ಮುಟ್ಟಿದ್ದೆ ನೀನು. "ರೇಖಾ, ನೌಕರಿ ಬಿಡ್ತೀನಂತ ಹೇಳು. ನನ್ನಂಗ ಮಾಡಬ್ಯಾಡ. ಕೂಸಿನ ಮುಂದ ಕುಂದರು," ಎಂದಿದ್ದೆ. ಉಸಿರು ಸಾಲದೆ ಒಂದೊಂದು ಮಾತೂ ತುಂಡಾಗಿ ಬರುತ್ತಿತ್ತು. ಅಂಥ ಹೊತ್ತಿನಲ್ಲಿ ನಿನ್ನ ಜೊತೆ ವಾದ ಮಾಡಲಿಕ್ಕೆ ಆಗುತ್ತಿತ್ತೇ? ನಾನು "ಹೂಂ" ಎಂದೆ. ನೀನು ಸಮಾಧಾನದಿಂದ ಕಣ್ಣು ಮುಚ್ಚಿದೆ. ಆಮೇಲೆ ನಮ್ಮಿಬ್ಬರ ನಡುವೆ ಬೇರೆ ಮಾತು ಆಗಲೇ ಇಲ್ಲ.

ಆ ಒಂದು "ಹೂಂ" ಬಗ್ಗೆಯೇ ಈ ಪತ್ರ. ನೀನು ಹೋಗಿ ವರ್ಷ ತುಂಬುತ್ತ ಬಂತು. ನಾನು ನೌಕರಿ ಬಿಟ್ಟಿಲ್ಲ, ಬಿಡುವುದೂ ಇಲ್ಲ. ನಿನಗೆ ಓದಲು ಬರುತ್ತಿರಲಿಲ್ಲ; ಮರಾಠಿ ಸೀಮೆಯ ಇಚಲಕರಂಜಿಯಲ್ಲಿದ್ದೂ ಹಟ ಹಿಡಿದು ನನ್ನನ್ನು ಕನ್ನಡ ಸಾಲೆಗೆ ಹಾಕಿದವಳು ನೀನೇ. ಆದ್ದರಿಂದ ಈಗ ಅಲ್ಲಿ ಯಾರಿಂದಾದರೂ ಓದಿಸಿಕೋ. ಪೂರ್ತಿ ಕೇಳಿಸಿಕೊಂಡು ಆಮೇಲೆ ಬೈ.

ನಾನು ಜೋಳಿಗೆಯಿಂದ ಇಳಿದು ಹೋದ ದಿನದ ಕತೆಯನ್ನು ನೀನು ಎಷ್ಟು ಸಲ ಹೇಳಿದ್ದೀ ಎಂದರೆ, ಅದು ನನಗೇ ನೆನಪಿದೆಯೇನೋ ಅನಿಸುತ್ತದೆ. ಮಗ್ಗದ ಶೆಡ್ಡಿನ ಮೂಲೆಯಲ್ಲಿ ಕಾಂಡಿ ಕೊಳವೆಗಳಿಗೆ ನೂಲು ಸುತ್ತುತ್ತ ನೀನು ಕೂತಿದ್ದೆ. ಮೇಲಿನ ಕೊಂಡಿಗೆ ಹಳೆಯ ಸೀರೆಯ ಜೋಳಿಗೆ ಕಟ್ಟಿ ನನ್ನನ್ನು ಮಲಗಿಸಿದ್ದೆ. ನಾನು ಎದ್ದು ಮಗ್ಗಗಳ ಸಂದಿಯಲ್ಲಿ ನಡೆದು ಹೋದೆ. ಅದೇ ಹೊತ್ತಿಗೆ ಒಂದು ಮಗ್ಗದ ಧೋಟಾ, ಆ ಮರದ ಲಾಳಿ, ಸಿಡಿದು ನನ್ನ ಹುಬ್ಬಿಗೆ ಬಡಿಯಿತು. ಇನ್ನೊಂದು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು ಎಂದರಂತೆ ಡಾಕ್ಟರು. ಆ ಒಂದು ಬೆರಳಿನ ಮಾತನ್ನು ನೀನು ಕೊನೆಯವರೆಗೂ ಬಿಡಲಿಲ್ಲ. ತಲೆಗೆ ಎಣ್ಣೆ ಹಚ್ಚುವಾಗ ನಿನ್ನ ಕೈ ಹಣೆಯ ಮೇಲೆ ಬಂದು ಆ ಗುರುತಿನ ಹತ್ತಿರ ನಿಂತುಬಿಡುತ್ತಿತ್ತು. ಆಮೇಲೆ ಒಂದು ನಿಟ್ಟುಸಿರು. ನಾನು ಮದುವೆಯಾದ ಮೇಲೂ ಅದು ತಪ್ಪಲಿಲ್ಲ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಅಪ್ಪನೂ ಅದೇ ಶೆಡ್ಡಿನಲ್ಲಿ ಇದ್ದನಲ್ಲ? ಧೋಟಾ ಸಿಡಿದದ್ದು ಅವನು ನಡೆಸುತ್ತಿದ್ದ ಮಗ್ಗದ ಪಕ್ಕದ ಮಗ್ಗದಿಂದ. ನಿನಗಿಂತ ಅವನೇ ನನಗೆ ಹತ್ತಿರವಿದ್ದ. ಅವನು ಯಾವತ್ತಾದರೂ ಆ ಗುರುತು ಮುಟ್ಟಿ ನಿಟ್ಟುಸಿರು ಬಿಟ್ಟಿದ್ದನೇ? ಅವನಿಗೆ ಯಾರಾದರೂ ಮಗ್ಗ ಬಿಟ್ಟು ಕೂಸಿನ ಮುಂದೆ ಕೂಡು ಎಂದಿದ್ದರೇ? ಪಾಪ, ಅಪ್ಪ ಒಳ್ಳೆಯವನೇ. ಆದರೆ ತಪ್ಪಿನ ಗಂಟನ್ನೆಲ್ಲ ನೀನೊಬ್ಬಳೇ ಹೊತ್ತುಕೊಂಡು ಹೋದೆಯಲ್ಲ, ಹೋಗುವಾಗ ಅದನ್ನು ನನ್ನ ತಲೆಯ ಮೇಲೂ ಇಡಲು ನೋಡಿದೆಯಲ್ಲ...

ಮಗಳು ಮುಕ್ತಾಳನ್ನು ನಿನ್ನ ಕೈಗೆ ಕೊಟ್ಟು ನಾನು ಬಟ್ಟೆ ಕಾರ್ಖಾನೆಯ ಕೆಲಸಕ್ಕೆ ಮೊದಲ ಸಲ ಕಾಗಲದ ಬಸ್ಸು ಹತ್ತಿದ ಬೆಳಿಗ್ಗೆ ನೆನಪಾಗುತ್ತದೆ. ವಾರವೆಲ್ಲ ಅವಳು ನಿನ್ನ ಹತ್ತಿರ, ಸುಟ್ಟಿಯ ದಿನ ಕಾಗಲದ ನಮ್ಮ ಬಾಡಿಗೆ ಮನೆಯಲ್ಲಿ. ಅದೇ ಶೆಡ್ಡು, ಅದೇ ಕೊಂಡಿ, ಈಗ ನನ್ನ ಮಗಳ ಜೋಳಿಗೆ. ಆ ಖಟಖಟದಲ್ಲಿ ಅವಳಿಗೆ ಎಂಥ ನಿದ್ದೆ ಬರುತ್ತಿತ್ತು. ಕರೆಂಟು ಹೋಗಿ ಮಗ್ಗಗಳು ನಿಂತರೆ ಮಾತ್ರ ಓಣಿಯ ಕೂಸುಗಳೆಲ್ಲ ಒಮ್ಮೆಲೇ ಎದ್ದು ಅಳುತ್ತಿದ್ದವು. "ನಮ್ಮ ಕೂಸುಗಳಿಗೆ ಸದ್ದಂದ್ರ ಜೋಗುಳ, ಸುಮ್ಮನಿದ್ರ ಅಂಜಿಕಿ," ಎಂದು ನಗುತ್ತಿದ್ದೆ ನೀನು. ಆ ಮಾತು ನನಗೆ ಮುಂದೆ ಬೇಕಾಗುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ನಿನ್ನ ದಿನಕರ್ಮ ಮುಗಿದ ಮೇಲೆ ಮುಕ್ತಾಳನ್ನು ಗಡಹಿಂಗ್ಲಜದ ಅತ್ತೆಯ ಮನೆಗೆ ಬಿಟ್ಟು ಬಂದೆವು. ಆ ಮನೆ ನಿನಗೆ ಗೊತ್ತಲ್ಲ. ಮುಂದೆ ಬೆಲ್ಲದ ಅಂಗಡಿ, ಹಿಂದೆ ತಂಪಾದ ಪಡಸಾಲೆ. ಅತ್ತೆಯ ಲಿಂಗಪೂಜೆ ಮುಗಿದ ಮೇಲೆ ಗೋಡೆಯ ಗಡಿಯಾರ ಬಿಟ್ಟರೆ ಬೇರೆ ಸಪ್ಪಳವಿಲ್ಲ. ಅಲ್ಲಿ ನನ್ನ ಮಗಳು ನಿದ್ದೆ ಮಾಡಲಿಲ್ಲ. ಮಧ್ಯಾಹ್ನವೆಲ್ಲ ಕಣ್ಣು ತೆರೆದೇ ಇದ್ದು ಸಂಜೆ ಅತ್ತು ರಂಪ ಮಾಡುತ್ತಿದ್ದಳು. ಅತ್ತೆ ದೃಷ್ಟಿ ತೆಗೆದರು, ಬಜೆ ತೇಯ್ದು ನೆಕ್ಕಿಸಿದರು, ಕೊನೆಗೆ ನನಗೆ ಫೋನು ಮಾಡಿದರು. "ರೇಖಾ, ಓಣ್ಯಾಗ ಯಾರೂ ಜೋರ ಮಾತಾಡದಂಗ ಮಾಡೇನಿ. ಅಂಗಡ್ಯಾಗ ತಕ್ಕಡಿ ಸುದ್ದಾ ಸಾವಕಾಶ ಇಡ್ರಿ ಅಂದೇನಿ. ಆದ್ರೂ ಕೂಸು ಕಣ್ಣ ಮುಚ್ಚವಲ್ದು. ಅದಕ್ಕ ಅವ್ವ ಬೇಕಾಗ್ಯಾಳ. ನೀ ನೌಕರಿ ಬಿಟ್ಟ ಬಾ."

ನಿನ್ನ ಅಳಿಯನನ್ನು ಕೇಳಿದೆ. ಊಟದ ತಾಟಿನಿಂದ ತಲೆ ಎತ್ತದೆ, "ನೋಡು, ನಿನ್ನ ಇಷ್ಟ," ಎಂದರು. ಅವರದೂ ಕಾಗಲದಲ್ಲೇ ನೌಕರಿ, ಅವರದೂ ಅದೇ ಕೂಸು. ಆದರೆ ಬಿಡುವ ಮಾತು ಬಂದಾಗ ಇಷ್ಟ ಮಾತ್ರ ನನ್ನೊಬ್ಬಳದಾಯಿತು. ನಿನಗೆ ಕೊಟ್ಟ ಮಾತೂ ಒಳಗೆ ಚುಚ್ಚುತ್ತಿತ್ತು. ತಿಂಗಳು ಮುಗಿದ ಮೇಲೆ ಬರುವುದಿಲ್ಲ ಎಂದು ಮ್ಯಾನೇಜರಿಗೆ ಹೇಳಿಯೂ ಬಂದೆ. ಅವತ್ತು ನೀನು ಗೆದ್ದಿದ್ದೆ.

ಅದಾದ ಕೆಲವೇ ದಿನಕ್ಕೆ ಕಾರ್ಖಾನೆಯಲ್ಲಿ ಊಟದ ನಂತರ ಕರೆಂಟು ಹೋಯಿತು. ನಾನು ಬಟ್ಟೆ ತಪಾಸಣೆಯ ಟೇಬಲ್ಲಿಗೆ ಒರಗಿ ತೂಕಡಿಸುತ್ತಿದ್ದೆ. ಮಷೀನುಗಳು ನಿಂತದ್ದೇ ತಡ, ಬೆಚ್ಚಿ ಎದ್ದು ಕೂತೆ. ಪಕ್ಕದವರೆಲ್ಲ ಆರಾಮಾಗಿ ಇದ್ದರು, ಎದ್ದವಳು ನಾನೊಬ್ಬಳೇ. ಆಗ ನಿನ್ನ ಮಾತು ನೆನಪಾಯಿತು. ಅಯ್ಯೋ, ಗಡಹಿಂಗ್ಲಜದಲ್ಲಿ ಕೂಸನ್ನು ಮಲಗಿಸಲಿಕ್ಕೆ ಇಡೀ ಓಣಿಯ ಬಾಯಿ ಮುಚ್ಚಿಸುತ್ತಿದ್ದರು. ನನ್ನ ಮಗಳಿಗೆ ಬೇಕಾದದ್ದು ಮಗ್ಗದ ಸದ್ದು. ನಾನು ಅರ್ಧ ದಿನ ರಜೆ ಕೇಳಿ ಇಚಲಕರಂಜಿಯ ಬಸ್ಸು ಹತ್ತಿದೆ.

ಶೆಡ್ಡಿನಲ್ಲಿ ನಿನ್ನ ಜಾಗದಲ್ಲಿ ಈಗ ಶಾಂತಕ್ಕ ಕೂಡುತ್ತಾಳೆ. ನಿನ್ನ ಪಕ್ಕವೇ ಅಷ್ಟು ವರ್ಷ ಕಾಂಡಿ ಸುತ್ತಿದವಳು. ಮೊಬೈಲಿನಲ್ಲಿ ಮಗ್ಗದ ಸದ್ದು ಹಿಡಿದುಕೊಳ್ಳಲು ಬಂದಿದ್ದೇನೆ ಎಂದರೆ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು. ಆಮೇಲೆ ನೆಲದ ಕಡೆ ಕೈ ಮಾಡಿ, "ಇಲ್ಲೇ ನೋಡ, ನಿನ್ನ ಮಗಳು ಮೊದಲನೇ ಸಲ ನಡದಿದ್ದು. ಈ ಬುಟ್ಟಿಯಿಂದ ಆ ಬುಟ್ಟಿಗೆ," ಎಂದಳು.

"ಇಲ್ಲ ಶಾಂತಕ್ಕಾ, ಕಾಗಲದಾಗ ನಮ್ಮ ಮನ್ಯಾಗ ನಡದಳು. ಸುಟ್ಟಿ ದಿನ. ನಾನs ನೋಡೇನಿ," ಎಂದೆ.

ಅವಳು ನಾಲಗೆ ಕಚ್ಚಿಕೊಂಡಳು. ಕಾಂಡಿ ತಿರುವುತ್ತಲೇ ಹೇಳಿದಳು: "ಇನ್ನ ಮುಚ್ಚಿಟ್ಟು ಏನ ಮಾಡೂದೈತಿ. ನಿಮ್ಮವ್ವ ನಮ್ಮೆಲ್ಲಾರ ಕಡಿಂದ ಆಣಿ ಮಾಡಿಸಿದ್ಲು. 'ರೇಖಾಗ ಯಾರೂ ಹೇಳಬ್ಯಾಡ್ರಿ, ಆಕಿ ಕಣ್ಣ ಮುಂದ ನಡದದ್ದs ಮೊದಲನೇದು' ಅಂದ್ಲು. ಆ ವಾರೆಲ್ಲಾ ಕೂಸು ನಡದಾಗೊಮ್ಮೆ ಖುಷಿ ಪಟ್ಟು, ಮತ್ತ ಕುಂಡ್ರಿಸಿಬಿಡ್ತಿದ್ಲು."

ಆ ಸುಟ್ಟಿಯ ದಿನ ನಾನು ನಿನಗೆ ಫೋನು ಮಾಡಿ "ಅವ್ವಾ, ಮುಕ್ತಾ ನಡದಳು" ಎಂದು ಕೂಗಿದ್ದೆ. ನೀನು "ಹೌದ? ಖರೇನ?" ಎಂದು ಎಷ್ಟು ಬೆರಗಾಗಿ ಕೇಳಿದ್ದೆ. ನಾಟಕದ ಕಂಪನಿಯವರು ನಿನ್ನನ್ನು ಹೇಗೆ ಬಿಟ್ಟರೋ. ಅಲ್ಲೇ ಕಾಂಡಿಯ ಬುಟ್ಟಿಗಳ ನಡುವೆ ನಿಂತು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು.

ಯಾಕೆ ಮುಚ್ಚಿಟ್ಟೆ? ಮೊದಲ ಹೆಜ್ಜೆ ನಾನು ನೋಡಲಿಲ್ಲ ಎಂದರೆ ಒಡೆದು ಹೋಗುತ್ತೇನೆ ಎಂದುಕೊಂಡೆಯಾ? ಅವಳ ಅಜ್ಜಿ ನೋಡಿದಳಲ್ಲ, ಅಷ್ಟು ಸಾಕಾಗಿತ್ತು. ನನ್ನ ಮಗಳು ಬಿದ್ದರೆ ಹಿಡಿಯಲು ಅಲ್ಲಿ ನಿನ್ನ ಕೈ ಇತ್ತು, ಶಾಂತಕ್ಕನ ಕೈ ಇತ್ತು. ತಾಯಿ ಎದುರಿಗಿಲ್ಲದ ಹೊತ್ತಿನಲ್ಲೂ ಕೂಸು ಬೆಳೆಯುತ್ತದೆ ಎನ್ನುವುದನ್ನು ಕಣ್ಣಾರೆ ನೋಡಿದವಳು ನೀನು. ಹಾಗಿದ್ದೂ ಕೊನೆಗೆ ನನಗೆ "ನನ್ನಂಗ ಮಾಡಬ್ಯಾಡ" ಎಂದೆ. ಯಾಕೆ ಮಾಡಬಾರದು? ನೀನು ದುಡಿಯುತ್ತ ನನ್ನನ್ನು ಸಾಕಿದೆ, ಆಮೇಲೆ ನನ್ನ ಮಗಳನ್ನೂ ಸಾಕಿದೆ. ನೀನು ಕೆಟ್ಟ ತಾಯಿ ಎಂದು ನಿನಗೆ ಹೇಳಿದವರು ಯಾರು? ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ.

ಮರುದಿನ ಮ್ಯಾನೇಜರ ಎದುರು ನಿಂತು ನಾನು ಕೆಲಸ ಬಿಟ್ಟು ಹೋಗುವುದಿಲ್ಲ ಎಂದೆ. ಅಷ್ಟೇ ಅಲ್ಲ, ಖಾಲಿ ಇದ್ದ ತಪಾಸಣೆ ವಿಭಾಗದ ಮುಖ್ಯಸ್ಥರ ಜಾಗವನ್ನೂ ಕೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು, "ಘರೀ ಲಹಾನ ಮುಲಗೀ ಆಹೆ. ಜಮೇಲ ಕಾ ತುಮ್ಹಾಲಾ?" ಎಂದರು. ಮನೆಯಲ್ಲಿ ಸಣ್ಣ ಮಗಳಿದ್ದಾಳೆ, ನಿಮಗೆ ಆಗುತ್ತದೆಯೇ ಎಂದು. "ಜಮೇಲ. ನಾಹೀ ಜಮಲಂ ತರ ಸಾಂಗೇನ," ಎಂದೆ. ಆಗುತ್ತದೆ, ಆಗದಿದ್ದರೆ ಹೇಳುತ್ತೇನೆ. ನನ್ನ ಜನ್ಮದಲ್ಲಿ ಅಷ್ಟು ಸಲೀಸಾಗಿ ನಾನು ಮರಾಠಿ ಮಾತಾಡಿರಲಿಲ್ಲ.

ಮೊಬೈಲು ತೆಗೆದುಕೊಂಡು ಗಡಹಿಂಗ್ಲಜಕ್ಕೆ ಹೋದ ದಿನ ನೀನು ಇರಬೇಕಾಗಿತ್ತು. ಸದ್ದು ಜೋರಾಗಲಿ ಎಂದು ಅದನ್ನು ಖಾಲಿ ತಾಮ್ರದ ಕೊಡದಲ್ಲಿ ಇಳಿಬಿಟ್ಟೆ. ಪಡಸಾಲೆ ತುಂಬ ಖಟಖಟ. ಅತ್ತೆ ಕಿವಿ ಮುಚ್ಚಿಕೊಂಡು, "ಶಿವಶಿವಾ, ಇದೇನ ಜೋಗುಳವಾ?" ಎಂದರು. ಅವರ ಮಾತು ಮುಗಿಯುವುದರೊಳಗೆ ಮುಕ್ತಾಳ ರೆಪ್ಪೆ ಬಾಗಿತು. ಅತ್ತೆ ಅವಳನ್ನೂ ಕೊಡವನ್ನೂ ನೋಡುತ್ತ ಬಹಳ ಹೊತ್ತು ಕೂತಿದ್ದರು. ಆ ಮೊಬೈಲನ್ನು ಅಲ್ಲೇ ಬಿಟ್ಟು ಬಂದೆ. ಈಗ ಮಧ್ಯಾಹ್ನ ಅವರೂ ಅವಳ ಪಕ್ಕದಲ್ಲೇ ಅಡ್ಡಾಗುತ್ತಾರೆ. ಮೊನ್ನೆ ಅದು ಕೆಟ್ಟು ನಾನು ರಿಪೇರಿಗೆ ತಂದಾಗ ಅತ್ತೆಯ ಫೋನು ಬಂತು: "ಜಲ್ದಿ ರಿಪೇರಿ ಮಾಡಿಸ್ಕೊಂಡ ಬಾರವ್ವಾ, ನನಗೂ ನಿದ್ದಿ ಬರವಲ್ದು."

ಎಲ್ಲ ಸರಿಹೋಯಿತು ಎಂದು ಬರೆಯುತ್ತಿಲ್ಲ. ರೊಟ್ಟಿ ಖಾನಾವಳಿಯಿಂದ ತರುತ್ತೇನೆ. ಬಾಲವಾಡಿಯಲ್ಲಿ ಹಸಿರು ಬಟ್ಟೆಯ ದಿನ ನನ್ನ ಮಗಳು ಕೆಂಪು ಫ್ರಾಕಿನಲ್ಲಿ ಹೋಗಿದ್ದಳು. ಅತ್ತೆಗೆ ತಿಳಿಸುವುದನ್ನೇ ಮರೆತಿದ್ದೆ. ಸುಟ್ಟಿಯ ದಿನ ಅವಳೆದುರು ಕೂತಿದ್ದರೂ ಒಮ್ಮೊಮ್ಮೆ ನನಗೆ ಬರೀ ನಿದ್ದೆ ಬರುತ್ತದೆ. ಇರಲಿ. ದಿನವಿಡೀ ಕೆಳಗೆ ದೀಪ ಉರಿಯುವ ಟೇಬಲ್ಲಿನ ಮೇಲೆ ಬಟ್ಟೆ ಎಳೆದು ಕುಂದು ಹುಡುಕುವವಳು ನಾನು. ಒಂದೂ ಕುಂದು ಸಿಗದಿದ್ದರೆ ಮೊದಲು ದೀಪ ಉರಿಯುತ್ತಿದೆಯೋ ಇಲ್ಲವೋ ನೋಡುತ್ತೇನೆ. ಕುಂದಿರುವ ಬಟ್ಟೆಯನ್ನೇ ಜನ ಹೊಲಿಸಿಕೊಂಡು ತೊಟ್ಟು ಹಬ್ಬ ಮಾಡುತ್ತಾರೆ.

ಇನ್ನು ನಿನಗೆ ಗೊತ್ತಿಲ್ಲದ ಸುದ್ದಿ. ಹೋದ ವಾರ ಕೆಲಸದಲ್ಲಿದ್ದಾಗ ಅತ್ತೆಯ ಫೋನು ಬಂತು. ಮಾತಿಗಿಂತ ಅಳುವೇ ಹೆಚ್ಚು. ಮುಕ್ತಾ ಅಂಗಡಿಯ ಕಟ್ಟೆಯಿಂದ ಬಿದ್ದು ಗದ್ದ ಒಡೆದುಕೊಂಡಿದ್ದಳು, ಹೊಲಿಗೆ ಹಾಕಿಸಿಕೊಂಡು ಬಂದಿದ್ದರು. "ನಾ ಅಲ್ಲೇ ಕುಂತಿದ್ನೆವಾ. ನನ್ನ ಕಣ್ಣ ಮುಂದs ಬಿದ್ಲು. ನಿನಗ ಏನ ಮಾರಿ ತೋರಿಸಲಿ," ಎಂದರು. ಕೇಳಿದೆಯಾ ಅವ್ವಾ? ಮುಂದೆ ಕೂತಿದ್ದರೂ ಬಿದ್ದಳು. ಅತ್ತೆಯ ದನಿಯಲ್ಲಿ ನಿನ್ನದೇ ನಿಟ್ಟುಸಿರು ಕೇಳಿಸಿತು. ನಾನು ಅದನ್ನು ಅಲ್ಲೇ ತಡೆದೆ. "ಅತ್ತೀ, ಅಳಬ್ಯಾಡ್ರಿ. ಕೂಸು ಬೀಳತೈತಿ, ಏಳತೈತಿ. ನೀವು ಊಟಾ ಮಾಡ್ರಿ. ನಾ ಡ್ಯೂಟಿ ಮುಗಿಸ್ಕೊಂಡ ಬರ್ತೀನಿ," ಎಂದೆ. ಮುಗಿಸಿಕೊಂಡೇ ಹೋದೆ.

ನಿನ್ನೆ ಹೊಲಿಗೆ ಬಿಚ್ಚಿದರು. ಕನ್ನಡಿಯ ಮುಂದೆ ನಿಂತು ಅವಳು ತನ್ನ ಗದ್ದವನ್ನೂ ನನ್ನ ಹುಬ್ಬನ್ನೂ ಸರತಿಯಂತೆ ನೋಡಿ, "ನಂದೂ ನಿನ್ನಂಗ," ಎಂದಳು. ಇವತ್ತು ಬೆಳಿಗ್ಗೆ ಕೂಡಿಸಿಕೊಂಡು ಅವಳ ತಲೆಗೆ ಎಣ್ಣೆ ಹಚ್ಚಿದೆ. ಹಣೆ, ಕೆನ್ನೆ, ಗದ್ದ. ಆ ಗುರುತಿನ ಹತ್ತಿರ ಬಂದಾಗ ನಿನ್ನ ಬೆರಳು ನಿಲ್ಲುತ್ತಿದ್ದದ್ದು ನೆನಪಾಯಿತು.

ನನ್ನದು ನಿಲ್ಲಲಿಲ್ಲ, ಅವ್ವಾ. ದಾಟಿ ಹೋಯಿತು.

ನಿನ್ನ ಮಾತು ಮುರಿದ ಮಗಳು,
ರೇಖಾ