ನಾನು ಅಳಿಸಿದ ಸದ್ದು

ಮಾರ್ಚ್ ೧೪, ಗುರುವಾರ

ಅಣ್ಣನ ಹೊಸ ಬ್ಲೂಸ್-ರಾಕ್ ಆಲ್ಬಂ ಬಂದು ಆರು ದಿನ. ಕೇಳುಗರ ಅಭಿಪ್ರಾಯ ಓದಿ ಓದಿ ಸಾಕಾಗಿದೆ. ಗಿಟಾರ್ ಇಸ್ತ್ರಿ ಹಾಕಿದ ಅಂಗಿಯ ಹಾಗಿದೆ ಎಂದು ಒಬ್ಬರು. ಕೈಯಲ್ಲಿ ಹಳೆಯ ಕಸುವಿಲ್ಲ ಎಂದು ಹತ್ತಾರು ಜನ. ಒಬ್ಬ ಪುಣ್ಯಾತ್ಮ ಮಾತ್ರ, ಕೊನೆಯ ಹಾಡಿನಲ್ಲಿ ತಂತಿಯ ಮೇಲೆ ಬೆರಳು ಉಜ್ಜುವ ಸದ್ದು ಕೇಳಿ ಅತ್ತನಂತೆ. ಅದೊಂದು ನನ್ನ ಕೈತಪ್ಪಿ ಉಳಿದದ್ದು. ಮಿಕ್ಕ ಎಂಟು ಹಾಡುಗಳಲ್ಲಿ ಆ ಸದ್ದನ್ನು ಕೊಳೆಯೆಂದುಕೊಂಡು, ಎರಡು ವಾರ ಸ್ಟುಡಿಯೋದಲ್ಲಿ ಕೂತು ಒಂದೊಂದಾಗಿ ಅಳಿಸಿದವಳು ನಾನೇ. ಅಣ್ಣನಿಗೆ ಹೇಳಿರಲಿಲ್ಲ.

ಸಂಜೆ ಅವನ ಫೋನು. "ಜನ ಹೇಳೋದು ಸರಿ ಕಣೇ. ವಯಸ್ಸಾಯ್ತು, ಬೆರಳು ಸೋತಿದೆ. ಇನ್ನು ಸಾಕು ಅನ್ಸುತ್ತೆ."

ಹೇಳಿಬಿಡಬೇಕೆಂದು ಬಾಯಿ ತೆರೆದೆ.

"ಊಟ ಆಯ್ತಾ ಅಣ್ಣಾ?" ಎಂದೆ. ಗಂಟೆ ಆಗಿನ್ನೂ ಆರು.