ಎಡಗೈ ಗಂಟು

6 ನವೆಂಬರ್, ಮುಂಜಾನೆ

ಇವತ್ತೂ ಕರೆಂಟ್ ಇಲ್ಲ. ಆದರೂ ಮಗ್ಗ ನಿಲ್ಲಲಿಲ್ಲ. ವೈಶಾಲಿ ಕಟ್ಟಿಕೊಟ್ಟ ದೀಪ — ಹಳೇ ಟ್ರ್ಯಾಕ್ಟರ್ ಬ್ಯಾಟರಿ, ಎಲ್‌ಇಡಿ ಪಟ್ಟಿ, ಅಷ್ಟೇ. ಮಗಳು ಜಮಖಂಡಿ ಐಟಿಐದಲ್ಲಿ ಎಲೆಕ್ಟ್ರಿಷಿಯನ್ ಕಲಿಯುತ್ತಾಳೆ ಅಂತ ರಬಕವಿ ತುಂಬ ಹೇಳಿಕೊಂಡು ತಿರುಗಿದ್ದೇನೆ. ವೈರ್ ಆರಿಸಲಿಕ್ಕೇ ಅರ್ಧ ದಿನ ತಗೊಂಡಳು. ತೆಳ್ಳಗಿನದು ಸಾಕಲ್ಲ ಅಂದೆ.

"ಅಪ್ಪಾ, ಹನ್ನೆರಡು ವೋಲ್ಟ್ ಶಾಕ್ ಹೊಡಿಯೂದಿಲ್ಲ, ಖರೆ. ಆದ್ರ ತೆಳ್ಳಾನ ವೈರ್ ಕಾಯತೈತಿ. ನಮ್ಮನ್ಯಾಗ ಎಲ್ಲಿ ನೋಡಿದ್ರೂ ನೂಲು. ದಪ್ಪಂದ ಬೇಕು, ನಡುವ ಜೋಡು ಇರಬಾರ್ದು. ಫ್ಯೂಸ್ ಅಂತೂ ಬೇಕ ಬೇಕು."

ಮೂವತ್ತು ವರ್ಷ ಎಳೆ ಜೋಡಿಸಿದವನಿಗೆ ಜೋಡಿನ ಪಾಠ! ನಗು ಬಂತು.

14 ನವೆಂಬರ್

ಮುತ್ತವ್ವ ರಾಟಿಯ ಮುಂದೆ ಕೂತು ಕಂಡಿಕಿಗೆ, ಲಾಳಿಯೊಳಗಿನ ಕೊಳವೆಗೆ, ನೂಲು ಸುತ್ತುವಲ್ಲಿ ಬೆಳಕು ಸಾಲದು. "ಕಣ್ಣ ಉರೀತಾವ್ರಿ" ಅಂತಾಳೆ. ಮಗಳು ಬರುವುದು ಪರೀಕ್ಷೆ ಮುಗಿದ ಮೇಲೆ. ಅಲ್ಲಿಯವರೆಗೆ ಹೆಂಡತಿ ಕತ್ತಲಲ್ಲಿ ಕೂಡಬೇಕೇ? ಹಳೇ ಸ್ಪೀಕರಿನ ವೈರ್ ಸಿಕ್ಕಿತು, ದಾರದಷ್ಟು ತೆಳು, ತುಂಡು ತುಂಡು. ಮಗ್ಗದಲ್ಲಿ ಹಾಸಿನ ಉದ್ದನೆಯ ಎಳೆ ಹರಿದರೆ ಹಾಕುವ ಗಂಟನ್ನೇ ಹಾಕಿದೆ. ಟೇಪ್ ಇರಲಿಲ್ಲ, ಮೇಲೆ ನೂಲು ಬಿಗಿದೆ. ಫ್ಯೂಸ್ ಪೆಟ್ಟಿಗೆಯಲ್ಲಿ ಜಾಗ ಇಲ್ಲ... ಸೀದಾ ಬ್ಯಾಟರಿಗೇ ಕೊಟ್ಟೆ. ರಾಟಿಯ ಮೇಲೆ ದೀಪ ಹತ್ತಿತು.

ಎಡಚನ ಗಂಟು, ಎಡಕ್ಕೇ ಹೊರಳುತ್ತದೆ. ಚಿಕ್ಕಂದಿನಿಂದ ಓಣಿಯವರು ಕಾಡಿಸಿದ್ದೇ ಕಾಡಿಸಿದ್ದು. ಗಟ್ಟಿ ಮಾತ್ರ ಗಟ್ಟಿ. ವೈಶಾಲಿ ಬರಲಿ, ತೋರಿಸುತ್ತೇನೆ.

27 ನವೆಂಬರ್

ಇಷ್ಟು ದಿನ ಬರೆಯಲು ಮನಸ್ಸೇ ಬರಲಿಲ್ಲ. ಇಪ್ಪತ್ತೊಂದರ ಮುಂಜಾನೆ. ಹಾಲು ತರಲು ಹೋಗಿದ್ದೆ. ಬಂದರೆ ಕಂಡಿಕಿ ಬುಟ್ಟಿ ಧಗಧಗ ಉರಿಯುತ್ತಿತ್ತು. ಮುತ್ತವ್ವ ಹೊರಗೆ ಓಡಬಾರದೇ? ಮಗ್ಗದ ಮೇಲಿನ ಸೀರೆ ಉಳಿಸಲು ಬರಿಗೈಯಲ್ಲಿ ಬೆಂಕಿ ಬಡಿದಳು. ಸೀರೆ ಉಳಿಯಿತು. ಬಲಗೈ ಬೆರಳು ಇನ್ನು ಮೊದಲಿನಂತೆ ಮಡಚುವುದಿಲ್ಲ ಅನ್ನುತ್ತಾರೆ ಡಾಕ್ಟರು.

ಗಂಟಿನ ಮೇಲಿನ ನೂಲು ಸವೆದಿದೆ. ಎರಡೂ ತಂತಿ ಕೂಡಿವೆ. ವೈರ್ ಕಾದು ಬುಟ್ಟಿಗೆ ಬಿದ್ದಿದೆ. ವೈಶಾಲಿ ಬರುವ ಮೊದಲೇ ರಾಟಿಯ ಮೇಲಿನ ದೀಪ ತೆಗೆದು ಎಸೆದೆ, ಆ ಸುಟ್ಟ ತುಂಡು ಕಿತ್ತು ಎಲಿಅಡಿಕೆ ಡಬ್ಬಿಯಲ್ಲಿ ಬಚ್ಚಿಟ್ಟೆ. ಯಾಕೆ? ಹೆದರಿದೆ. ಬೇರೆ ಕಾರಣ ಇಲ್ಲ.

30 ನವೆಂಬರ್

ವೈಶಾಲಿ ಅವ್ವನಿಗೆ ತುತ್ತು ಮಾಡಿ ಉಣ್ಣಿಸುತ್ತಾಳೆ. ತಾನು ಸರಿಯಾಗಿ ಉಣ್ಣುವುದಿಲ್ಲ. ಮಸಿ ಹಿಡಿದ ಗೋಡೆಯನ್ನೇ ನೋಡುತ್ತಾಳೆ. "ಎಲ್ಲಿ ತಪ್ಪಿದ್ನೋ ಗೊತ್ತಾಗವಲ್ದಪಾ."

ಪಕ್ಕದ ಪವರ್‌ಲೂಮಿನ ವೀರೇಶ ಮಾತಾಡಿಸಲು ಬಂದಿದ್ದ. "ಹೆಣ್ಣ ಹುಡುಗಿ ಕೈಯಾಗ ವೈರ್ ಕೊಟ್ರ ಹಿಂಗ ಆಗೂದು, ಕಾಕಾ." ಅವಳ ಎದುರಿಗೇ. ನಾನು ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕೆ.

8 ಡಿಸೆಂಬರ್, ಮಧ್ಯಾಹ್ನ

ಐಟಿಐ ಬಿಡುತ್ತಾಳಂತೆ. ಟೆಸ್ಟರ್, ಇಕ್ಕಳ ಎಲ್ಲ ಗೆಳತಿ ರಾಜಶ್ರೀಗೆ ಕೊಟ್ಟುಬಿಟ್ಟಳು. ಟಿ.ಸಿ. ತರಲು ಮುಂಜಾನೆ ಬಸ್ಸಿಗೆ ಹೋದಳು. ತಡೆಯಲಿಲ್ಲ.

ಅವಳು ಹೋದ ಮೇಲೆ ಮುತ್ತವ್ವ ಮೆಲ್ಲಗೆ — "ಬೆಂಕಿ ಹತ್ತಿದ್ದು ಆ ಗಂಟಿಂದ. ಆ ಗಂಟು ನಿಮ್ದು."

ಕೈ ಎಲಿಅಡಿಕೆ ಡಬ್ಬಿಯ ಮೇಲೆ ಹೋಯಿತು.

"ಒಂದ ವಾರ ನನ್ನ ತೆಲಿ ಮ್ಯಾಲ ಇತ್ತಲ್ರಿ. ಎಡಕ ಹೊಳ್ಳಿದ ಗಂಟು ಈ ಓಣ್ಯಾಗ ಮತ್ಯಾರದು?"

"ಮತ್ತ ಹೇಳ್ಲಿಲ್ಲ ಯಾಕ?"

"ನೀವ ಹೇಳ್ತೀರಿ ಅಂತ ಕಾದೆ. ನನ್ನ ಕೈ ಹೋತು, ಹೋಗ್ಲಿ. ಆಕಿ ಕೈ ಕಳೀಬ್ಯಾಡ್ರಿ."

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ.

ಅದೇ ದಿನ, ಸಂಜೆ

ಬಂದಳು. ಕೈಯಲ್ಲಿ ಟಿ.ಸಿ. ಡಬ್ಬಿ ತೆರೆದು ಮುಂದಿಟ್ಟೆ. ಎಲ್ಲ ಹೇಳಿದೆ, ಒಂದೂ ಬಿಡದೆ. ತುಂಡು ಎತ್ತಿಕೊಂಡು ಗಂಟು ತಿರುಗಿಸಿ ತಿರುಗಿಸಿ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ವೀರೇಶಣ್ಣ ಹಂಗ ಅಂದಾಗ ನೀ ಅಲ್ಲೇ ಕುಂತಿದ್ದಿ, ಅಪ್ಪಾ."

ಅಷ್ಟೇ. ಒಳಗೆ ಹೋಗಿ ಅವ್ವನ ಪಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ.

ಹೌದು. ಅಲ್ಲೇ ಕುಂತಿದ್ದೆ. ಅವಳ ಎದುರಿಗೇ. ನಾನು ಬಾಯಿ ಬಿಡಲಿಲ್ಲ.