ಮೆಹಜಬೀನಳ ಲೆಕ್ಕದಲ್ಲಿ ತಪ್ಪು ಹುಡುಕಿದ್ದು

ಫೆಬ್ರವರಿ 11, ಬುಧವಾರ

ನಾಳೆ ಕಾಲೇಜಿನಲ್ಲಿ ಪ್ರಾಜೆಕ್ಟ್ ಒಪ್ಪಿಸಬೇಕು. ಹೊಟ್ಟೆ ಉರಿಯುತ್ತಿದೆ, ಇಲ್ಲಿ ಸುಳ್ಳು ಯಾಕೆ ಬರೆಯಲಿ?

ಬೀಜ ನೆನೆಸಿ ಬಿತ್ತಿದರೆ ಮೊಳಕೆ ಹೆಚ್ಚುತ್ತದೆಯೇ ಎಂದು ನಾನು ಬೇವೂರಿನ ಸಜ್ಜೆಯಲ್ಲಿ ನೋಡಿದೆ, ಗೆಳತಿ ಮೆಹಜಬೀನ ಹನುಮಸಾಗರದ ಶೇಂಗಾದಲ್ಲಿ. ಹೆಚ್ಚಳಕ್ಕೆ ನನಗೆ ಸಿಕ್ಕ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ಹೆಚ್ಚಳ ಇರಬಹುದಾದ ಅಂದಾಜು ವ್ಯಾಪ್ತಿ, ಶೇಕಡಾ ಮೈನಸ್ ಎರಡರಿಂದ ಆರು. ಸೊನ್ನೆ ಒಳಗೇ ಕೂತಿದೆ. ನೆನೆಸಿದ್ದರಿಂದ ಲಾಭವಾಯಿತು ಎನ್ನುವ ಹಾಗಿಲ್ಲ. ಅವಳದು ನಾಲ್ಕರಿಂದ ಹನ್ನೊಂದು, ಸೊನ್ನೆ ಹೊರಗೇ. ಇವತ್ತು ಕರಡು ನೋಡಿದ ಪ್ರಾಜೆಕ್ಟ್ ಸರ್ ಎಲ್ಲರೆದುರು ಅವಳಿಗೆ "ಭಾಳ ಛಲೋ ಮಾಡಿಯವಾ" ಎಂದರು. ನನಗೆ "ಇದೂ ಒಂದು ಉತ್ತರನ ಐತಿ" ಎಂದರು. ಆ 'ಇದೂ' ಇನ್ನೂ ಚುಚ್ಚುತ್ತಿದೆ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವಳು ತನ್ನ ನೋಟ್‌ಬುಕ್ ಕೈಗಿಟ್ಟಳು. "ಒಮ್ಮೆ ಲೆಕ್ಕ ನೋಡ ಶ್ವೇತಾ. ನೀ ನೋಡಿದ್ರ ನನಗ ಧೈರ್ಯ."

ಮನೆಗೆ ಬಂದು ಸಾಲು ಸಾಲಾಗಿ ನೋಡಿದೆ. ತಪ್ಪು ಸಿಗಲಿ ಎಂದೇ ನೋಡಿದೆ. ನನಗಿಂತ ಎರಡು ಪಟ್ಟು ಬೀಜ ಎಣಿಸಿದ್ದಾಳೆ. ಒಂದು ತಪ್ಪೂ ಇಲ್ಲ.

ಒಂಬತ್ತಕ್ಕೆ ಫೋನ್ ಮಾಡಿದಳು. "ನೋಡಿದೇನ?"

"ಇನ್ನೂ ಇಲ್ಲ" ಎಂದೆ.

ನಾನು ಇಷ್ಟು ಸಣ್ಣವಳೆಂದು ಗೊತ್ತಿರಲಿಲ್ಲ. ಒಂದು ಮೆಸೇಜ್ ಹಾಕಿದರೆ ಅವಳು ನೆಮ್ಮದಿಯಿಂದ ಮಲಗುತ್ತಾಳೆ. ಹಾಕುತ್ತೇನೆ. ಇನ್ನೊಂದು ಐದು ನಿಮಿಷ ಅವಳೂ ಸ್ವಲ್ಪ ಚಡಪಡಿಸಲಿ...